ಮಾದರಿ ವಿಮಾನ ಹಾರಾಟ: ಸುರಕ್ಷತೆ, ವಿಮೆ, ಸ್ವಯಂನಿಯಂತ್ರಣ

ಮನುಷ್ಯನನ್ನು ಹೊರದೆ, ವಿನೋದಕ್ಕಾಗಲಿ ಶಿಕ್ಷಣಕ್ಕಾಗಲಿ ಪ್ರಯೋಗಕ್ಕಾಗಲಿ ಹಾರಿಸಲ್ಪಡುವ ಅಲ್ಪಗಾತ್ರದ ವಿಮಾನವೇ ಮಾದರಿ ವಿಮಾನ. ಇದರಲ್ಲಿ ಮೂರು ಪ್ರಭೇದಗಳು ಪ್ರಸಿದ್ಧವಾಗಿವೆ: ಕೈಬಿಟ್ಟ ಕ್ಷಣದಿಂದ ಗಾಳಿಗೆ ಅಧೀನವಾಗಿ, ಹಾರಿಸಿದವನ ಅಂಕೆಗೆ ಸಿಲುಕದೆ ಸಾಗುವ ಸ್ವತಂತ್ರ ಹಾರಾಟದ ಮಾದರಿ, 15ರಿಂದ 21 ಮೀಟರುಗಳಷ್ಟು ಉದ್ದದ ಉಕ್ಕಿನ ತಂತಿಗಳ ತುದಿಯಲ್ಲಿ, ಹಾರಿಸುವವನನ್ನೇ ಕೇಂದ್ರವಾಗಿಟ್ಟುಕೊಂಡು ವರ್ತುಲಾಕಾರವಾಗಿ ಸುತ್ತುವ ಕಂಟ್ರೋಲ್ ಲೈನ್ ಮಾದರಿ, ಕೈಯಲ್ಲಿಯ ಟ್ರಾನ್ಸ್‌ಮಿಟರಿನಿಂದ ಹೊರಡುವ ಸಂಕೇತಗಳಿಗೆ ವಿಧೇಯವಾಗಿ ದೃಷ್ಟಿಪಥದೊಳಗೆ ಹಾರುವ ರೇಡಿಯೋ ನಿಯಂತ್ರಿತ ಮಾದರಿ. ಮೂರರಲ್ಲಿ ಯಾವುದೇ ಆದರೂ ಅದು ಬಿದ್ದಾಗ ಯಾರ ಮೇಲೆ ಬೀಳುತ್ತದೆ, ಬಿದ್ದ ಮೇಲೆ ನಷ್ಟವನ್ನು ಯಾರು ಭರಿಸುತ್ತಾರೆ, ಬೀಳದಂತೆ ನೋಡಿಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆಗಳು ಸಮಾನ. ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಟ್ಟಿದ್ದು ಮೊದಲು ಹಾರಿಸುವವರ ಸಂಘಗಳಲ್ಲಿ, ಅನಂತರ ವಿಮೆಯಲ್ಲಿ, ಕಟ್ಟಕಡೆಗೆ ಶಾಸನದಲ್ಲಿ. ಭಾರತದಲ್ಲಿ ಈ ಅನುಕ್ರಮ ತಲೆಕೆಳಗಾಗಿದೆ. ಶಾಸನ ಮೊದಲು ಬಂದಿದೆ, ವಿಮೆ ಒಂದು ಬಾಧ್ಯತೆಯಾಗಿ ಅದರ ಬೆನ್ನಿಗೆ ಬಂದಿದೆ, ಇವೆರಡಕ್ಕೂ ಆಧಾರವಾಗಬೇಕಾಗಿದ್ದ ಸಂಘವು ದೊಡ್ಡ ನಗರಗಳನ್ನು ಬಿಟ್ಟರೆ ಇನ್ನೂ ಹುಟ್ಟಬೇಕಾಗಿದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ನೋಡಿದರೆ ಈ ಕೊರತೆಯ ಸ್ವರೂಪ ಚೆನ್ನಾಗಿ ಮನದಟ್ಟಾಗುತ್ತದೆ.

ಮಾದರಿ ವಿಮಾನದ ಚರಿತ್ರೆ ಮನುಷ್ಯನನ್ನು ಹೊತ್ತ ವಿಮಾನದ ಚರಿತ್ರೆಗಿಂತಲೂ ಹಳೆಯದು. ಜಾರ್ಜ್ ಕೇಲಿಯು 1804ರಲ್ಲಿಯೇ ಗ್ಲೈಡರಿನ ಮಾದರಿಯನ್ನು ತೇಲಿಸಿದ್ದನು. 1871ರಲ್ಲಿ ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣನು ತಿರುಚಿದ ರಬ್ಬರಿನ ಶಕ್ತಿಯಿಂದ ನಡೆಯುವ ಪುಟ್ಟ ವಿಮಾನವನ್ನು ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ 11 ಸೆಕೆಂಡು ಹಾರಿಸಿ ವಿದ್ವಾಂಸರನ್ನು ಬೆರಗುಗೊಳಿಸಿದನು. ಅಂತಾರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವು 1905ರಲ್ಲಿ ಸ್ಥಾಪಿತವಾಯಿತು. ಅಮೆರಿಕದ ಮಾದರಿ ವಿಮಾನಿಗಳ ಅಕಾಡೆಮಿ 1936ರಲ್ಲಿ ಹುಟ್ಟಿತು. ಮರುವರ್ಷವೇ ಗುಡ್ ಸಹೋದರರ ‘ಗಫ್’ ಎಂಬ ರೇಡಿಯೋ ನಿಯಂತ್ರಿತ ಮಾದರಿಯು ಆ ದೇಶದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹಾರಿತು. ಭಾರತದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟದ ಪ್ರತಿನಿಧಿಯಾದ ಏರೋ ಕ್ಲಬ್ ಆಫ್ ಇಂಡಿಯಾದ ಮೂಲ 1927ಕ್ಕೆ ಹೋಗುತ್ತದೆ. ಆದರೆ ನಮ್ಮ ಸಾಮಾನ್ಯ ವಿದ್ಯಾರ್ಥಿಯ ಕೈಗೆ ಮಾದರಿ ವಿಮಾನವನ್ನು ಕೊಟ್ಟ ಸಂಸ್ಥೆ ಇವಾವುವೂ ಅಲ್ಲ. ಅದು ಎನ್‌ಸಿಸಿಯ ವಾಯುದಳ. ಅದರ ಕೆಡೆಟ್ಟುಗಳ ಪಾಠಕ್ರಮದಲ್ಲಿಯೇ ಮಾದರಿ ನಿರ್ಮಾಣ ಸೇರಿದ್ದು, ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಹಲವು ವರ್ಷ ಜರುಗಿದ ಅಖಿಲ ಭಾರತ ವಾಯು ಸೈನಿಕ ಶಿಬಿರಗಳಲ್ಲಿ ನಾನಾ ರಾಜ್ಯಗಳ ಹುಡುಗ ಹುಡುಗಿಯರು ತಾವು ಕಟ್ಟಿದ ವಿಮಾನಗಳನ್ನು ಹಾರಿಸಿ ಸ್ಪರ್ಧಿಸಿದ್ದಾರೆ. ಶಿಸ್ತಿನ ಸಂಸ್ಥೆಯೊಂದರ ಆಶ್ರಯದಲ್ಲಿ, ಬೋಧಕರ ಕಣ್ಣಮುಂದೆ, ಗೆರೆ ಎಳೆದ ಅಂಗಳದಲ್ಲಿ ಹಾರಿಸುವುದನ್ನು ಕಲಿತ ಈ ವಿದ್ಯಾರ್ಥಿಗಳೇ ಕರ್ನಾಟಕದಲ್ಲಿ ಸ್ವಯಂನಿಯಂತ್ರಣದ ಸಂಪ್ರದಾಯಕ್ಕೆ ಇರುವ ನಿಜವಾದ ಬೀಜವೆಂದು ಹೇಳಬಹುದು.

ಅಪಾಯದ ಪ್ರಮಾಣವನ್ನು ಮೊದಲು ತಿಳಿಯಬೇಕು. ಎರಡು ಕಿಲೋ ತೂಕದ ಮಾದರಿಯೊಂದು ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಬರುತ್ತಿರುವಾಗ ಅದರಲ್ಲಿ 400 ಜೂಲುಗಳಷ್ಟು ಚಲನಶಕ್ತಿ ಅಡಗಿರುತ್ತದೆ. ಗಂಟೆಗೆ 140 ಕಿಲೋಮೀಟರು ವೇಗದ ಬೌಲರನ ಕೈಯಿಂದ ಹೊರಟ ಕ್ರಿಕೆಟ್ ಚೆಂಡಿನಲ್ಲಿರುವುದು ಸುಮಾರು 120 ಜೂಲು ಮಾತ್ರ. ಚೆಂಡನ್ನು ಎದುರಿಸುವವನು ಹೆಲ್ಮೆಟ್ ಧರಿಸಿ, ಅದು ಬರುವುದನ್ನೇ ನಿರೀಕ್ಷಿಸುತ್ತ ನಿಂತಿರುತ್ತಾನೆ. ವಿಮಾನ ಬೀಳುವ ಜಾಗದಲ್ಲಿ ನಿಂತವನು ಬಹುಶಃ ಬೇರೆಲ್ಲೋ ನೋಡುತ್ತಿರುತ್ತಾನೆ. ಹತ್ತು ಅಂಗುಲದ ಪ್ರೊಪೆಲರು ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ ಸುಮಾರು 480 ಕಿಲೋಮೀಟರು. ಹೀಗೆ ತಿರುಗುವ ಅಲಗು ಕಣ್ಣಿಗೆ ಕಾಣದಂತಾಗುವುದರಿಂದ ಬೆರಳುಗಳು ಅದರೊಳಗೆ ಸುಲಭವಾಗಿ ಹೋಗುತ್ತವೆ. ಹಳೆಯ ಗ್ಲೋ ಎಂಜಿನ್ನುಗಳಿಗೆ ಹಾಕುತ್ತಿದ್ದ ಮೆಥನಾಲು ವಿಷ. ಇಂದಿನ ಲಿಥಿಯಂ ಪಾಲಿಮರ್ ಬ್ಯಾಟರಿಯೋ, ಒಂದು ಕೋಶಕ್ಕೆ 4.2 ವೋಲ್ಟಿಗಿಂತ ಹೆಚ್ಚು ಚಾರ್ಜ್ ಮಾಡಿದರೆ, ಅಥವಾ ನೆಲಕ್ಕೆ ಅಪ್ಪಳಿಸಿ ಒಳಗಿನ ಪದರ ಹರಿದರೆ, ನೀರಿಗೂ ಬೇಗನೆ ಜಗ್ಗದ ಬೆಂಕಿಯಾಗಿ ಉರಿಯುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿಯನ್ನು ಮುಟ್ಟುವ ಬೀಳಗಿಯಂಥ ಊರಿನಲ್ಲಿ ಗಾಜು ಮುಚ್ಚಿದ ಕಾರಿನೊಳಗೆ ಈ ಬ್ಯಾಟರಿಯನ್ನು ಮಧ್ಯಾಹ್ನವೆಲ್ಲ ಬಿಡತಕ್ಕದ್ದಲ್ಲ. ಅದು ಉಬ್ಬಿದ್ದು ಕಂಡರೆ ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಮನೆಯಿಂದ ಹೊರಗೆ ಸಾಗಿಸತಕ್ಕದ್ದು.

ಇಷ್ಟೆಲ್ಲ ಹೇಳಿದರೂ ಅಪಘಾತಗಳ ಬಹುಭಾಗಕ್ಕೆ ಕಾರಣ ಅಲಕ್ಷ್ಯ. ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ರಾತ್ರಿ ಕುಳಿತು ರೆಕ್ಕೆಯ ಸರ್ವೋ (ಚಲಿಸುವ ಭಾಗಗಳನ್ನು ಆಡಿಸುವ ಪುಟ್ಟ ಮೋಟಾರು) ಬದಲಿಸಿದ ಹವ್ಯಾಸಿಯು ಬೆಳಿಗ್ಗೆ ಮೈದಾನಕ್ಕೆ ಬಂದು, ಟ್ರಾನ್ಸ್‌ಮಿಟರಿನ ಕೋಲನ್ನು ಆಡಿಸಿ, ರೆಕ್ಕೆಯ ಹಿಂದಂಚಿನ ಪಟ್ಟಿಗಳಾದ ಐಲರಾನುಗಳು ಅಲುಗುವುದನ್ನು ನೋಡಿ ತೃಪ್ತನಾಗುತ್ತಾನೆ. ಅವು ಅಲುಗುತ್ತವೆ, ನಿಜ, ಆದರೆ ವಿರುದ್ಧ ದಿಕ್ಕಿಗೆ ಅಲುಗುತ್ತವೆ. ವಿಮಾನ ನೆಲ ಬಿಟ್ಟ ಕೂಡಲೇ ಬಲಕ್ಕೆ ವಾಲುತ್ತದೆ, ಅವನು ಎಡಕ್ಕೆ ತಿದ್ದುತ್ತಾನೆ, ಅದು ಮತ್ತಷ್ಟು ಬಲಕ್ಕೆ ವಾಲುತ್ತದೆ; ಮೂರನೆಯ ಸೆಕೆಂಡಿಗೆ ಅದು ಜನ ನಿಂತ ಕಡೆಗೆ ಮುಖ ಮಾಡಿರುತ್ತದೆ. ಆದ್ದರಿಂದಲೇ ಅನುಭವಿಗಳು ಹಿಂದೆ ನಿಂತು, ಕೋಲನ್ನು ಬಲಕ್ಕೆ ಒತ್ತಿದಾಗ ಬಲರೆಕ್ಕೆಯ ಐಲರಾನು ಮೇಲಕ್ಕೇಳುತ್ತದೆಯೇ ಎಂದು ಬಾಯಿಬಿಟ್ಟು ಹೇಳಿಕೊಂಡೇ ನೋಡುತ್ತಾರೆ. ಮೊದಲು ಟ್ರಾನ್ಸ್‌ಮಿಟರನ್ನು, ಅನಂತರ ವಿಮಾನವನ್ನು ಚಾಲೂ ಮಾಡುವುದು, ಆರಿಸುವಾಗ ಅದರ ವ್ಯತಿಕ್ರಮವನ್ನು ಅನುಸರಿಸುವುದು, ಟ್ರಾನ್ಸ್‌ಮಿಟರಿನ ಶಕ್ತಿಯನ್ನು ಕುಗ್ಗಿಸಿಕೊಂಡು ಮೂವತ್ತು ಹೆಜ್ಜೆ ದೂರ ನಡೆದು ಸಂಕೇತ ಮುಟ್ಟುವುದೋ ಎಂದು ಪರೀಕ್ಷಿಸುವುದು, ಸಂಪರ್ಕ ಕಡಿದಾಗ ಮೋಟಾರು ತಾನಾಗಿ ನಿಲ್ಲುವಂತೆ ಮೊದಲೇ ವ್ಯವಸ್ಥೆ ಮಾಡುವುದು: ಇವು ಯಾವ ಸರ್ಕಾರವೂ ವಿಧಿಸಿದ ನಿಯಮಗಳಲ್ಲ, ವಿಮಾನಗಳನ್ನು ಕಳೆದುಕೊಂಡು ಕಲಿತವರು ಒಬ್ಬರಿಂದೊಬ್ಬರಿಗೆ ದಾಟಿಸಿದ ಪದ್ಧತಿಗಳು.

ಪದ್ಧತಿ ನಿಯಮವಾಗಿ ಗಟ್ಟಿಯಾಗಲು ಕೆಲವೊಮ್ಮೆ ದುರಂತವೂ ಕಾರಣವಾಯಿತು. 1979ರ ಡಿಸೆಂಬರ್ 9ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯದ ವಿರಾಮಕಾಲದಲ್ಲಿ ಏರ್ಪಾಡಾಗಿದ್ದ ಮಾದರಿ ವಿಮಾನ ಪ್ರದರ್ಶನದಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಆಕಾರದ ಮಾದರಿಯೊಂದು ಪ್ರೇಕ್ಷಕರ ನಡುವೆ ನುಗ್ಗಿತು. ಪಂದ್ಯ ನೋಡಲು ಬಂದಿದ್ದ ಒಬ್ಬನು ಪ್ರಾಣ ಕಳೆದುಕೊಂಡನು. 2013ರ ಸೆಪ್ಟೆಂಬರಿನಲ್ಲಿ ಅದೇ ನಗರದ ಬ್ರೂಕ್ಲಿನ್ ಉದ್ಯಾನವೊಂದರಲ್ಲಿ 19 ವರ್ಷದ ತರುಣನು ತಾನೇ ಹಾರಿಸುತ್ತಿದ್ದ ಮಾದರಿ ಹೆಲಿಕಾಪ್ಟರಿನ ಅಲಗು ತಗುಲಿ ಮೃತನಾದನು. ಮೊದಲನೆಯದು ನೋಡುವವನ ಸಾವು, ಎರಡನೆಯದು ಹಾರಿಸುವವನ ಸಾವು. ಎರಡನೆಯದರ ಬಗ್ಗೆ ಮರುಗಬಹುದು, ಆದರೆ ಹಾರಿಸುವವನು ಅಪಾಯವನ್ನು ತಿಳಿದೇ ಕೈಗೆತ್ತಿಕೊಂಡಿರುತ್ತಾನೆ. ನೋಡುವವನಿಗೆ ಅಂಥ ಆಯ್ಕೆ ಇರುವುದಿಲ್ಲ. ಆದುದರಿಂದ ಜಗತ್ತಿನ ಎಲ್ಲ ಸಂಘಗಳ ಸುರಕ್ಷಾಸೂತ್ರಗಳ ತಿರುಳು ಒಂದು ಗೆರೆ: ಗೆರೆಯ ಈಚೆಗೆ ಜನ, ವಾಹನ, ಮಕ್ಕಳು, ಗೆರೆಯ ಮೇಲೆ ಒಟ್ಟಾಗಿ ನಿಂತ ಹಾರಿಸುವವರು, ಗೆರೆಯ ಆಚೆಗೆ ಮಾತ್ರ ವಿಮಾನ. ಹಾರಿಸುವವರು ಪರಸ್ಪರ ಕೇಳಿಸುವಷ್ಟು ಹತ್ತಿರ ನಿಂತು ‘ಏರುತ್ತಿದೆ’, ‘ಇಳಿಯುತ್ತಿದೆ’, ‘ಅಂಗಳದಲ್ಲಿ ಆಳಿದ್ದಾನೆ’ ಎಂದು ಕೂಗಿ ಹೇಳಬೇಕು. ಹೊಸಬನ ಪಕ್ಕದಲ್ಲಿ ಆಕಾಶವನ್ನಷ್ಟೇ ನೋಡುವ ಸಂಗಾತಿಯೊಬ್ಬ ಇರಬೇಕು. ಹಿಂದೆ 35 ಅಥವಾ 72 ಮೆಗಾಹರ್ಟ್ಸ್ ತರಂಗಗಳ ಕಾಲದಲ್ಲಿ ಒಂದೇ ಚಾನೆಲ್ಲಿನ ಇಬ್ಬರು ಏಕಕಾಲಕ್ಕೆ ಟ್ರಾನ್ಸ್‌ಮಿಟರು ಚಾಲೂ ಮಾಡಿದರೆ ಹಾರುತ್ತಿದ್ದ ವಿಮಾನ ಕೆಳಗುರುಳುತ್ತಿದ್ದುದರಿಂದ, ಮೈದಾನದ ಹಲಗೆಗೆ ಚಾನೆಲ್ ಸಂಖ್ಯೆಯ ಕ್ಲಿಪ್ಪುಗಳನ್ನು ಸಿಕ್ಕಿಸಿಟ್ಟು, ಕ್ಲಿಪ್ಪು ಕೈಯಲ್ಲಿದ್ದವನೇ ಹಾರಿಸುವ ಸಂಪ್ರದಾಯವಿತ್ತು. 2.4 ಗಿಗಾಹರ್ಟ್ಸ್ ಸಾಧನಗಳು ಬಂದ ಮೇಲೆ ಆ ಹಲಗೆ ನಿರುಪಯೋಗಿಯಾಯಿತು. ಅದರೊಡನೆ, ತನ್ನ ಹಾರಾಟಕ್ಕೆ ಇತರರ ಅನುಮತಿ ಬೇಕೆಂಬ ಭಾವನೆಯೂ ಸಡಿಲವಾದುದು ನಿಜವಾಗಿಯೂ ದೊಡ್ಡ ನಷ್ಟ.

ಸಂಘದ ನಿಯಮಕ್ಕೆ ಬಲ ಬರುವುದು ವಿಮೆಯಿಂದ. ಅಮೆರಿಕದ ಅಕಾಡೆಮಿಯ ಸದಸ್ಯನಾದವನಿಗೆ ಅನ್ಯರಿಗೆ ಸಂಭವಿಸುವ ಹಾನಿಯ ಬಾಬ್ತು 25 ಲಕ್ಷ ಡಾಲರುಗಳವರೆಗೆ ಹೊಣೆವಿಮೆ ದೊರೆಯುತ್ತದೆ. ಅವನ ಮನೆಯ ವಿಮೆ ಮೊದಲಾದವುಗಳಿಂದ ತೀರದ ಭಾಗವನ್ನು ಇದು ತುಂಬುತ್ತದೆ. ಆದರೆ ಅವನು ಅಕಾಡೆಮಿಯ ಸುರಕ್ಷಾಸೂತ್ರದಂತೆ ನಡೆದಿರಬೇಕೆಂಬುದು ಷರತ್ತು. ಮೈದಾನದ ಒಡೆಯನಿಗೂ ಈ ರಕ್ಷಣೆಯನ್ನು ವಿಸ್ತರಿಸಬಹುದಾದ್ದರಿಂದ ಜಮೀನಿನ ಯಜಮಾನನು ನಿರ್ಭಯವಾಗಿ ನೆಲ ಕೊಡುತ್ತಾನೆ. ನೆಲ ಸಿಕ್ಕಿದ್ದರಿಂದ ಸಂಘ ನಿಲ್ಲುತ್ತದೆ. ಸಂಘ ನಿಂತದ್ದರಿಂದ ನಿಯಮ ಪಾಲನೆಯಾಗುತ್ತದೆ. ನಿಯಮ ಪಾಲನೆಯಾದ್ದರಿಂದ ವಿಮೆಯ ಕಂತು ಅಲ್ಪವಾಗಿಯೇ ಉಳಿಯುತ್ತದೆ. ಈ ಪರಸ್ಪರಾಶ್ರಯವನ್ನು ಶಾಸನವೂ ಕಾಲಕ್ರಮದಲ್ಲಿ ಗೌರವಿಸಿತು: ಅಮೆರಿಕದ 2018ರ ವಾಯುಯಾನ ಕಾಯಿದೆಯು ವಿನೋದಕ್ಕೆ ಹಾರಿಸುವವನು ಮಾನ್ಯ ಸಮುದಾಯ ಸಂಸ್ಥೆಯೊಂದರ ಸುರಕ್ಷಾಸೂತ್ರಕ್ಕೆ ಬದ್ಧನಾಗಿರಬೇಕೆಂದು ವಿಧಿಸಿದರೆ, ಐರೋಪ್ಯ ಒಕ್ಕೂಟದ 2019ರ ನಿಯಮಾವಳಿಯ 16ನೆಯ ವಿಧಿಯು ಮಾದರಿ ವಿಮಾನ ಸಂಘಗಳಿಗೇ ನೇರವಾಗಿ ಅಧಿಕಾರಪತ್ರ ಕೊಡಲು ಅವಕಾಶ ಮಾಡಿತು.

ನಮ್ಮ ದೇಶದ ಸ್ಥಿತಿ ಬೇರೆ. 1934ರ ವಿಮಾನ ಕಾಯಿದೆಯ ವ್ಯಾಖ್ಯೆಯಲ್ಲಿ ಗಾಳಿಪಟವೂ ವಿಮಾನವೇ ಆಗಿತ್ತು. ಆದರೂ ಹವ್ಯಾಸಿಯ ಕಡೆಗೆ ಯಾರೂ ವಿಶೇಷವಾಗಿ ಕಣ್ಣು ಹಾಯಿಸಿರಲಿಲ್ಲ. ಡ್ರೋನುಗಳು ಅಗ್ಗವಾಗಿ ಎಲ್ಲರ ಕೈಗೂ ಬರತೊಡಗಿದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2014ರ ಅಕ್ಟೋಬರಿನಲ್ಲಿ ಮಾನವರಹಿತ ವಿಮಾನಗಳ ನಾಗರಿಕ ಬಳಕೆಯನ್ನೇ ತಡೆಹಿಡಿಯಿತು. 2018ರ ಡಿಸೆಂಬರಿನಿಂದ ಕಠಿಣವಾದ ಷರತ್ತುಗಳೊಡನೆ ಬಿಟ್ಟುಕೊಟ್ಟಿತು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಹಿಂದಿನವನ್ನೆಲ್ಲ ಬದಿಗೊತ್ತಿ ಸಾಕಷ್ಟು ಉದಾರವಾದ ವ್ಯವಸ್ಥೆಯನ್ನು ತಂದವು. ಇವುಗಳಲ್ಲಿ 25 ಕಿಲೋ ಮೀರದ, ಕಣ್ಣಳತೆಯೊಳಗೆ, ಶಿಕ್ಷಣ ಸಂಶೋಧನೆ ವಿನೋದಗಳಿಗಷ್ಟೇ ಹಾರಿಸುವ ಮಾದರಿಗೆ ಪ್ರತ್ಯೇಕ ಹೆಸರು ದೊರೆತು, ವಿನ್ಯಾಸಕ್ಕೆ ಕೊಡುವ ಟೈಪ್ ಸರ್ಟಿಫಿಕೇಟಿನ ಅಗತ್ಯದಿಂದ ಅದು ಮುಕ್ತವಾಯಿತು. 250 ಗ್ರಾಂ ವರೆಗಿನದು ನ್ಯಾನೋ, ಅಲ್ಲಿಂದ ಎರಡು ಕಿಲೋವರೆಗಿನದು ಮೈಕ್ರೋ. ನ್ಯಾನೋ ಹಾರಿಸಲು, ಮತ್ತು ವ್ಯಾಪಾರಕ್ಕಲ್ಲದೆ ಮೈಕ್ರೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಸರ್ಕಾರದ ನಕ್ಷೆಯಲ್ಲಿ ಹಸಿರೆಂದು ಗುರುತಿಸಿದ ವಲಯದಲ್ಲಿ 400 ಅಡಿಯವರೆಗೆ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರುಗಳ ನಡುವೆ 200 ಅಡಿಯವರೆಗೆ ಪೂರ್ವಾನುಮತಿಯಿಲ್ಲದೆ ಹಾರಿಸಬಹುದು. ಉಲ್ಲಂಘನೆಗೆ ದಂಡ ಒಂದು ಲಕ್ಷ ರೂಪಾಯಿಗಳವರೆಗೆ. ಅಪಘಾತವಾದರೆ 48 ಗಂಟೆಗಳೊಳಗೆ ಸರ್ಕಾರದ ಡಿಜಿಟಲ್ ಸ್ಕೈ ಎಂಬ ಆನ್‌ಲೈನ್ ವೇದಿಕೆಯ ಮೂಲಕ ವರದಿ ಸಲ್ಲಿಸಬೇಕು.

ವಿಮೆಯ ವಿಷಯಕ್ಕೆ ಬಂದರೆ ಈ ನಿಯಮಗಳ 44ನೆಯದು 1988ರ ಮೋಟಾರು ವಾಹನ ಕಾಯಿದೆಯನ್ನೇ ಉಚಿತ ಮಾರ್ಪಾಟುಗಳೊಡನೆ ಡ್ರೋನುಗಳಿಗೂ ಅನ್ವಯಿಸಿ, ನ್ಯಾನೋ ಒಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಮೂರನೆಯ ಪಕ್ಷದ ವಿಮೆಯನ್ನು ಕಡ್ಡಾಯಗೊಳಿಸುತ್ತದೆ. ಉದ್ದೇಶ ಸ್ತುತ್ಯ. ಹೊಲದಲ್ಲಿ ಕೂಲಿ ಮಾಡುವವನ ತಲೆಗೆ ಬಿದ್ದ ವಿಮಾನದ ಒಡೆಯನು ಬಡವನಾದರೂ ಗಾಯಗೊಂಡವನಿಗೆ ಪರಿಹಾರ ದೊರೆಯಲೇಬೇಕು. ಆದರೆ ವಾಹನ ಕಾಯಿದೆಯು ರಸ್ತೆ, ನೋಂದಣಿ, ಚಾಲಕನ ಲೈಸೆನ್ಸು, ಕ್ಲೇಮು ನ್ಯಾಯಮಂಡಳಿಗಳ ಸುತ್ತ ಬೆಳೆದದ್ದು. ಮನೆಯ ಅಟ್ಟದಲ್ಲಿ ಥರ್ಮೋಕೋಲು ಕೊಯ್ದು ಕಟ್ಟಿದ ವಿಮಾನಕ್ಕೆ ಅದನ್ನು ಹೊಂದಿಸುವಾಗ ಸೀರಿಯಲ್ ಸಂಖ್ಯೆ ಯಾವುದು, ಬೆಲೆ ಎಷ್ಟು, ತಯಾರಕ ಯಾರು ಎಂಬ ಸಾಮಾನ್ಯ ಕಲಮುಗಳೇ ತೊಡಕಾಗುತ್ತವೆ. ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಕಾರ್ಯತಂಡ ನೇಮಿಸಿ ಈ ಕ್ಷೇತ್ರವನ್ನು ಪರಿಶೀಲಿಸಿತು. ಕಂಪನಿಗಳೂ ಪಾಲಿಸಿಗಳನ್ನು ತಂದಿವೆ. ಆದರೆ ಅವು ಬಹುಮಟ್ಟಿಗೆ ಸರ್ವೆ, ಛಾಯಾಗ್ರಹಣ, ಔಷಧಿ ಸಿಂಪಡಣೆಗಳ ವಾಣಿಜ್ಯ ಡ್ರೋನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ವಿಮೆಯಿಲ್ಲದವನು ಹೊಣೆಯಿಂದ ಪಾರಾಗುತ್ತಾನೆಂದಲ್ಲ: ಅಲಕ್ಷ್ಯದಿಂದ ಪ್ರಾಣಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಐದು ವರ್ಷಗಳವರೆಗಿನ ಕಾರಾವಾಸವನ್ನು ವಿಧಿಸಬಹುದು, ಪ್ರಾಣಕ್ಕೆ ಅಪಾಯ ಒಡ್ಡಿದ್ದಷ್ಟಕ್ಕೇ 125ನೆಯ ಕಲಮು ತಗುಲುತ್ತದೆ. ಶಿಕ್ಷೆಯಿಂದ ಗಾಯಾಳುವಿನ ಆಸ್ಪತ್ರೆಯ ಬಿಲ್ಲು ತೀರುವುದಿಲ್ಲವೆಂಬುದೇ ವಿಮೆಗೆ ಇರುವ ಸಮರ್ಥನೆ.

ಈಗ ಬೀಳಗಿಯ ಸೀಮೆಯನ್ನು ನೋಡೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ಎರಡೂ ಚಿಕ್ಕಸಂಗಮದಲ್ಲಿ ಕೂಡುವವರೆಗೆ ನಡುವೆ ಹಬ್ಬಿದ ಎರೆಹೊಲ ಮತ್ತು ಮಡ್ಡಿ. ಸಮೀಪದಲ್ಲಿ ನಾಗರಿಕ ವಿಮಾನ ಸಂಚಾರವಿಲ್ಲ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರಗಳ ನಿಲ್ದಾಣದ ಜಾಗಗಳೆಲ್ಲ ಹನ್ನೆರಡು ಕಿಲೋಮೀಟರಿನ ಪರಿಧಿಯಿಂದ ಬಹುದೂರ. ನಕ್ಷೆಯಲ್ಲಿ ನೋಡಿದವನಿಗೆ ಇದು ಹವ್ಯಾಸಿಯ ಸ್ವರ್ಗವೆಂದು ತೋರಬಹುದು. ನೆಲದ ಮೇಲೆ ನಿಂತವನಿಗೆ ಬೇರೆ ಚಿತ್ರ ಕಾಣುತ್ತದೆ. ಜೂನಿನಿಂದ ಆಗಸ್ಟಿನವರೆಗೆ ನೈರುತ್ಯದ ಗಾಳಿ ಹಗುರ ಮಾದರಿಗಳನ್ನು ನಿಲ್ಲಗೊಡದು. ಹಾರಾಟಕ್ಕೆ ಪ್ರಶಸ್ತವಾದುದು ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು. ಆದರೆ ಕಬ್ಬು ಕಡಿಯುವ ಹಂಗಾಮೂ ಅದೇ. ಮುಧೋಳ, ಜಮಖಂಡಿ, ಬೀಳಗಿಗಳ ಸಕ್ಕರೆ ಕಾರ್ಖಾನೆಗಳು ನುರಿಯತೊಡಗಿದಾಗ ಕಬ್ಬು ಕಡಿಯುವ ಗ್ಯಾಂಗುಗಳು ಹೆಂಗಸರು ಮಕ್ಕಳೊಡನೆ ಹೊಲದಂಚಿನಲ್ಲೇ ಜೋಪಡಿ ಹಾಕಿಕೊಂಡಿರುತ್ತವೆ. ಎರಡೆರಡು ಟ್ರೇಲರು ಎಳೆಯುವ ಟ್ರಾಕ್ಟರುಗಳು ಹೊಲದ ದಾರಿಯಲ್ಲಿ ಎಡೆಬಿಡದೆ ಸಾಗುತ್ತವೆ. ಆಳೆತ್ತರಕ್ಕೆ ಎರಡು ಪಟ್ಟು ಬೆಳೆದ ಕಬ್ಬಿನ ಒಳಗೆ ಯಾರು ಕುಳಿತಿದ್ದಾರೆಂದು ಹೊರಗಿನವನಿಗೆ ಕಾಣದು. ವಿಮಾನ ಅದರೊಳಗೆ ಬಿದ್ದರೆ ಹುಡುಕುವುದು ಕಷ್ಟ. ಒಡೆದ ಬ್ಯಾಟರಿಯೊಡನೆ ರವದಿಯ, ಅಂದರೆ ಒಣಗಿದ ಕಬ್ಬಿನೆಲೆಯ, ಮೇಲೆ ಬಿದ್ದರೆ ಒಬ್ಬ ರೈತನ ವರ್ಷದ ದುಡಿಮೆಯೇ ಹೊತ್ತಿಕೊಳ್ಳಬಹುದು.

ಪಂಪ್‌ಸೆಟ್ಟುಗಳಿಗೆಂದು ಹೊಲಹೊಲಕ್ಕೂ ಎಳೆದ ಹನ್ನೊಂದು ಕೆ.ವಿ. ತಂತಿಗಳು ಮತ್ತೊಂದು ಅಪಾಯ. ಕಂಟ್ರೋಲ್ ಲೈನ್ ಮಾದರಿಯ ಉಕ್ಕಿನ ತಂತಿ ಇವುಗಳನ್ನು ತಾಗಿದರೆ ಹಿಡಿಕೆ ಹಿಡಿದವನು ಬದುಕುವುದು ಕಷ್ಟ. ಸಿಕ್ಕಿಬಿದ್ದ ವಿಮಾನವನ್ನು ಹಸಿ ಬಿದಿರಿನಿಂದ ಇಳಿಸಲು ಹೋದವನದೂ ಅದೇ ಗತಿ. ವಿದ್ಯುತ್ ಕಂಪನಿಯಾದ ಹೆಸ್ಕಾಮಿನ ಲೈನ್‌ಮನ್ ಬಂದು ಲೈನು ತೆಗೆದ ಹೊರತು ಅದನ್ನು ಮುಟ್ಟತಕ್ಕದ್ದಲ್ಲ. ಇನ್ನು ಆಲಮಟ್ಟಿಯ ಹಿನ್ನೀರು: ಚಳಿಗಾಲದಲ್ಲಿ ವಲಸೆಹಕ್ಕಿಗಳು ಬಂದಿಳಿಯುವುದೂ ಹವ್ಯಾಸಿಗೆ ಅನುಕೂಲವಾದ ಆ ತಿಂಗಳುಗಳಲ್ಲೇ. ನೀರಂಚಿನಲ್ಲಿ ಮೇಯುವ ಪಟ್ಟೆತಲೆಯ ಹೆಬ್ಬಾತುಗಳ ಹಿಂಡಿನ ಮೇಲೆ ಮಾದರಿಯೊಂದು ತಗ್ಗಾಗಿ ಹಾದರೆ ಇಡೀ ಹಿಂಡು ಒಮ್ಮೆಲೇ ಮೇಲೇಳುತ್ತದೆ. ಸಾವಿರಾರು ಮೈಲಿ ಹಾರಿ ಬಂದ ಜೀವಗಳನ್ನು ಹೀಗೆ ದಣಿಸುವುದು ಕ್ರೌರ್ಯವೇ ಸರಿ. ಬೀಳಗಿ-ಮುಧೋಳಗಳ ನಡುವಿನ ಯಡಹಳ್ಳಿ ಚಿಂಕಾರ ವನ್ಯಧಾಮದ ಒಳಗಂತೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹವ್ಯಾಸಕ್ಕೆ ಎಡೆಯೇ ಇಲ್ಲ. ಆಲಮಟ್ಟಿ ಅಣೆಕಟ್ಟೆಯ ಸುತ್ತಲಿನ ಆಕಾಶವನ್ನು ಪ್ರತಿಸಲವೂ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡೇ ಹೊರಡಬೇಕು.

ಈ ಸೀಮೆಯ ಆಕಾಶ ಬೇರೊಂದು ರೀತಿಯಿಂದಲೂ ತುಂಬುತ್ತಿದೆ. ಕಬ್ಬಿಗೆ ಔಷಧಿ ಸಿಂಪಡಿಸುವ ಡ್ರೋನುಗಳು ಬರುತ್ತಿವೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಶೇಕಡ 80ರಷ್ಟು, ಗರಿಷ್ಠ ಎಂಟು ಲಕ್ಷ ರೂಪಾಯಿಗಳ ಸಹಾಯಧನದಲ್ಲಿ ಡ್ರೋನು ಒದಗಿಸುವ ಕೇಂದ್ರದ ‘ನಮೋ ಡ್ರೋನ್ ದೀದಿ’ ಯೋಜನೆಯಿಂದ ಇವುಗಳ ಸಂಖ್ಯೆ ಬೆಳೆಯುತ್ತದೆ. ಇವನ್ನು ನಡೆಸುವವರು ತರಬೇತಿ ಹೊಂದಿ ಪ್ರಮಾಣಪತ್ರ ಪಡೆದವರು. ಅದೇ ಹೊಲದ ಬದುವಿನಲ್ಲಿ, ಅಂಗಡಿಯಿಂದ ಬಿಡಿಭಾಗ ತರಿಸಿ ವಿಮಾನ ಕಟ್ಟಿದ ಕಾಲೇಜು ಹುಡುಗನಿಗೆ ಹೇಳಿಕೊಡುವವರಾರೂ ಇಲ್ಲ. ಮೊಬೈಲಿನಲ್ಲಿ ನೋಡಿ ಅವನು ಕಟ್ಟುವುದನ್ನು ಕಲಿಯಬಲ್ಲನು, ಹಾರಿಸುವುದನ್ನೂ ಕಲಿಯಬಲ್ಲನು. ‘ಏ ತಮ್ಮಾ, ಆ ಕಡೆ ಮಂದಿ ಕೆಲಸಾ ಮಾಡಾಕತ್ತಾರ, ಇಳಸು’ ಎಂದು ಹೆಗಲಮೇಲೆ ಕೈಯಿಟ್ಟು ಹೇಳುವ ಹಿರಿಯನನ್ನು ಮಾತ್ರ ಮೊಬೈಲು ಒದಗಿಸಲಾರದು.

ಈ ಕೊರತೆಯನ್ನು ತುಂಬುವ ಸಂಘವೊಂದನ್ನು ಕಟ್ಟಲು ದೊಡ್ಡ ಧನವೇನೂ ಬೇಕಾಗಿಲ್ಲ. ನ್ಯಾನೋ ವರ್ಗಕ್ಕೆ ವಿಮೆಯೂ ಪೈಲಟ್ ಪ್ರಮಾಣಪತ್ರವೂ ಬೇಡವಾದ್ದರಿಂದ 250 ಗ್ರಾಂ ಒಳಗಿನ ಹಗುರ ಗ್ಲೈಡರುಗಳಿಂದಲೇ ಜಮಖಂಡಿಯ ಅಥವಾ ಬೀಳಗಿಯ ಕಾಲೇಜೊಂದು ಆರಂಭಿಸಬಹುದು. ಎನ್‌ಸಿಸಿಯಲ್ಲಿ ಪಳಗಿದವರು ಬೋಧಕರಾಗಬಹುದು. ಕಬ್ಬಿನಿಂದಲೂ ತಂತಿಯಿಂದಲೂ ದೂರವಾದ ಮಡ್ಡಿಯ ನೆಲವೊಂದನ್ನು ಒಡೆಯನ ಲಿಖಿತ ಒಪ್ಪಿಗೆಯೊಡನೆ ಗೊತ್ತುಮಾಡಿಕೊಂಡು, ಪೊಲೀಸ್ ಠಾಣೆಗೂ ಪಂಚಾಯಿತಿಗೂ ತಿಳಿಸಬಹುದು. ಎರಡು ಕಿಲೋ ವರ್ಗಕ್ಕೆ ಏರುವ ಹೊತ್ತಿಗೆ ಒಬ್ಬೊಬ್ಬನೂ ಪ್ರತ್ಯೇಕವಾಗಿ ವಿಮೆ ಹುಡುಕುವ ಬದಲು, ಗುಂಪಿನ ಹೆಸರಿನಲ್ಲಿ ಒಂದೇ ಪಾಲಿಸಿ ಕೇಳುವುದು ಸಾಧ್ಯವಾಗಬೇಕು. ಏರೋ ಕ್ಲಬ್ಬಿನಂಥ ರಾಷ್ಟ್ರೀಯ ಸಂಸ್ಥೆ ಸದಸ್ಯತ್ವದೊಡನೆಯೇ ಹೊಣೆವಿಮೆಯನ್ನು ಕೂಡಿಸಿದರೆ ಸಣ್ಣ ಊರುಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ವಿಮಾ ಕಂಪನಿಯು ಅಂಥ ಗುಂಪನ್ನು ಮೊದಲು ಕೇಳುವುದು ಹಿಂದಿನ ಅಪಘಾತಗಳ ಲೆಕ್ಕವನ್ನು. ಆದ್ದರಿಂದ ಮೊದಲ ದಿನದಿಂದಲೇ ಒಂದು ದಿನಚರಿ ಪುಸ್ತಕದಲ್ಲಿ ಯಾರು, ಯಾವ ವಿಮಾನವನ್ನು, ಎಷ್ಟು ಹೊತ್ತು ಹಾರಿಸಿದರು, ಯಾವುದು ಎಲ್ಲಿ ಏಕೆ ಬಿದ್ದಿತು, ಗೆರೆಯನ್ನು ಯಾರು ದಾಟಿದರು, ತಪ್ಪಿದವರನ್ನು ಎಷ್ಟು ದಿನ ಹಾರಾಟದಿಂದ ಹೊರಗಿಟ್ಟರು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಡಬೇಕು. ಕಂತಿನ ಮೊತ್ತ ನಿಗದಿಯಾಗುವುದು ಆ ಪುಟಗಳನ್ನು ನೋಡಿಯೇ.